ಮುರಿದ ಬೋಲ್ಟ್: ಮೊದಲು ಓದಿ, ಆಮೇಲೆ ಕೈ ಹಾಕಿ

ಬೋಲ್ಟ್ ಮುರಿಯುವ ಮುಂಚೆ ಒಂದು ಸೂಚನೆ ಕೊಡುತ್ತದೆ. ಜಾಮ್ ಆದ ಬೋಲ್ಟ್ ಬಿಟ್ಟುಕೊಳ್ಳುವಾಗ ಕಿರ್ರೆಂದು ಕಿರುಚುತ್ತದೆ, ಇಲ್ಲವೇ ‘ಟಣ್’ ಎಂದು ಒಂದೇ ಏಟಿಗೆ ಬಿಡುತ್ತದೆ. ಮುರಿಯುವ ಬೋಲ್ಟ್ ಹಾಗಲ್ಲ. ಸ್ಪ್ಯಾನರ್ ಸದ್ದಿಲ್ಲದೆ, ಮೆತ್ತಗೆ, ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ ತಿರುಗುತ್ತದೆ. ‘ಅಬ್ಬಾ, ಬಂತು’ ಅಂದುಕೊಳ್ಳುತ್ತೇವೆ. ಅದು ಬರುತ್ತಿಲ್ಲ. ಒಳಗೇ ತಿರುಚಿಕೊಳ್ಳುತ್ತಿದೆ. ಇನ್ನೊಂದಿಷ್ಟು ಎಳೆದರೆ ತಲೆ ಕೈಗೆ ಬರುತ್ತದೆ, ಮೈ ಎಂಜಿನ್‌ನಲ್ಲೇ ಉಳಿಯುತ್ತದೆ.

ನನ್ನ 1998ರ ಮಾರುತಿ 800ರಲ್ಲಿ ಆಗಿದ್ದೂ ಅದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಕಡೆಯಿಂದ ಟಿಕ್ ಟಿಕ್ ಸದ್ದು. ಬಿಸಿಯಾದ ಮೇಲೆ ಕಮ್ಮಿಯಾಗುತ್ತಿತ್ತು. ವಾಲ್ವ್ ಎತ್ತುವ ಟ್ಯಾಪೆಟ್ ಇರಬೇಕು ಅಂತ ಎಲ್ಲರೂ ಹೇಳಿದರು. ಟ್ಯಾಪೆಟ್ ಅಲ್ಲ. ಎಂಜಿನ್‌ನ ಮೇಲ್ಭಾಗದ ಎರಕ ಸಿಲಿಂಡರ್ ಹೆಡ್, ಅದರಿಂದ ಹೊಗೆ ಒಯ್ಯುವ ಕೊಳವೆ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಇವೆರಡರ ನಡುವಿನ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಪದರ) ಸುಟ್ಟು, ಸಂದಿಯಿಂದ ಹೊಗೆ ನುಗ್ಗುತ್ತಿತ್ತು. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತಿತ್ತು, ಅದಕ್ಕೇ ಸದ್ದು ನಿಲ್ಲುತ್ತಿತ್ತು. ಗ್ಯಾಸ್ಕೆಟ್ ಬದಲಿಸೋಣ ಎಂದು ನಟ್ಟು ಬಿಚ್ಚಲು ಕೂತೆ. ತುದಿಯ ಒಂದು ಸ್ಟಡ್ ನಾನು ಮುಟ್ಟುವ ಮುಂಚೆಯೇ ಮುರಿದಿತ್ತು. ಇನ್ನೊಂದನ್ನು ನಾನೇ ಮುರಿದೆ.

ಸ್ಟಡ್ ಅಂದರೆ ತಲೆಯಿಲ್ಲದ ಬೋಲ್ಟ್. ಎರಡೂ ಕಡೆ ಥ್ರೆಡ್, ಅಂದರೆ ಸುರುಳಿ ಗೆರೆ, ಇರುತ್ತದೆ. ಒಂದು ಕಡೆ ಹೆಡ್‌ನೊಳಗೆ ಕೂತಿರುತ್ತದೆ, ಇನ್ನೊಂದು ಕಡೆ ನಟ್ಟು ಬೀಳುತ್ತದೆ. ನನ್ನವೆರಡೂ 8 ಮಿ.ಮೀ. ಸ್ಟಡ್‌ಗಳು, ಒಂದೇ ಹೆಡ್, ಒಂದೇ ವಯಸ್ಸು. ಒಂದು ಹತ್ತು ನಿಮಿಷದಲ್ಲಿ ಈಚೆಗೆ ಬಂತು. ಇನ್ನೊಂದು ಎರಡು ದಿನ ತಿಂದಿತು. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಈ ಕೆಲಸದ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಬೋಲ್ಟ್ ತೆಗೆಯುವ ದಾರಿ ಯಾವುದು ಅನ್ನುವುದು ಅದು ಯಾಕೆ ಮುರಿಯಿತು ಅನ್ನುವುದರ ಮೇಲೆ ನಿಂತಿದೆ. ಅದನ್ನು ನೋಡದೆ ಡ್ರಿಲ್ ಎತ್ತಿಕೊಂಡವರೇ ಜಾಸ್ತಿ. ಮೊದಲ ಸಲ ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು. ಆ ಕಥೆ ಆಮೇಲೆ ಬರುತ್ತದೆ.

ಮುರಿದ ಮುಖ ನೋಡಿ

ಕೈಗೆ ಬಂದ ತುಂಡನ್ನು ಬಿಸಾಡಬೇಡಿ. ಬಟ್ಟೆಯಲ್ಲಿ ಒರೆಸಿ, ಮುರಿದ ಜಾಗವನ್ನು ಬೆಳಕಿಗೆ ಹಿಡಿಯಿರಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೂ ಸಾಕು.

ಹೆಚ್ಚಾಗಿ ಎರಡು ಥರದ ಮುಖ ಕಾಣುತ್ತದೆ. ಒಂದು, ಸುಳಿ ಸುತ್ತಿದ ಹಾಗೆ ತಿರುಚಿದ ಮುಖ. ಇದು ಸ್ಪ್ಯಾನರ್‌ನ ಬಲಕ್ಕೆ ತಿರುಚಿ ಮುರಿದದ್ದು. ಇನ್ನೊಂದು, ಅರ್ಧ ನಯವಾಗಿ, ಅರ್ಧ ಒರಟಾಗಿ ಇರುವ ಮುಖ. ನಯವಾದ ಕಡೆ ಸಮುದ್ರದ ದಂಡೆಯಲ್ಲಿ ಅಲೆ ಬಿಟ್ಟು ಹೋದಂಥ ಗೆರೆಗಳು, ಒಮ್ಮೊಮ್ಮೆ ಹಳೇ ತುಕ್ಕು. ಇದು ಬಳಲಿ ಮುರಿದದ್ದು. ಸಣ್ಣ ಬಿರುಕು ಬಿಟ್ಟು, ದಿನಾ ಒಂದಿಷ್ಟು ಬೆಳೆದು, ಕೊನೆಗೆ ಉಳಿದ ಭಾಗ ಒಂದೇ ಸಲ ಕಿತ್ತು ಬಂದಿರುತ್ತದೆ.

ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ತುದಿಯ ಸ್ಟಡ್‌ಗಳೇ ಮೊದಲು ಹೋಗುವುದು ಇದಕ್ಕೇ. ಒಂದು ಅಡಿ ಉದ್ದದ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಮಿ.ಮೀ. ಉದ್ದವಾಗುತ್ತದೆ. ಅದನ್ನು ಹಿಡಿದಿರುವ ಹೆಡ್‌ನೊಳಗೆ ಎಂಜಿನ್ ತಂಪು ಮಾಡುವ ದ್ರವ, ಕೂಲೆಂಟ್, ಓಡುತ್ತಿರುತ್ತದೆ. ಹಾಗಾಗಿ ಹೆಡ್ ಅಷ್ಟು ಬಿಸಿಯಾಗುವುದೂ ಇಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಹೆಚ್ಚುವರಿ ಉದ್ದ ಎಲ್ಲಿಗೆ ಹೋಗಬೇಕು? ತುದಿಯ ಸ್ಟಡ್‌ಗಳನ್ನು ಪಕ್ಕಕ್ಕೆ ತಳ್ಳುತ್ತದೆ. ತಣ್ಣಗಾದಾಗ ವಾಪಸ್ ಎಳೆಯುತ್ತದೆ. ದಿನಕ್ಕೆರಡು ಸಲ, ಇಪ್ಪತ್ತು ವರ್ಷ.

ಈಗ ಮುಖ್ಯವಾದ ಮಾತು. ಬಳಲಿ ಮುರಿದ ಬೋಲ್ಟ್‌ನ ಒಳಗಿನ ತುಂಡು ಜಾಮ್ ಆಗಿರಲೇಬೇಕು ಅಂತೇನಿಲ್ಲ. ಜಾಸ್ತಿ ಬಿಗಿದು ಮುರಿದ ಬೋಲ್ಟ್ ಕೂಡ ಅಷ್ಟೇ, ಒಳಗೆ ಸಡಿಲವಾಗೇ ಇರುತ್ತದೆ. ಬೋಲ್ಟ್ ಬಿಗಿಯುವಾಗ ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ತಲೆಯ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ. ನೂರಕ್ಕೆ ನಲವತ್ತರಷ್ಟು ಥ್ರೆಡ್‌ಗಳ ಉಜ್ಜಾಟಕ್ಕೆ ಹೋಗುತ್ತದೆ. ಉಳಿದ ಹತ್ತು ಭಾಗ ಮಾತ್ರ ಬೋಲ್ಟನ್ನು ಸ್ಪ್ರಿಂಗ್ ಥರ ಎಳೆದು ಹಿಡಿಯುವ ಕೆಲಸಕ್ಕೆ. ತಲೆ ಹಾರಿದ ಕೂಡಲೇ ಆ ಎಳೆತ ಹೋಯಿತು, ತಲೆಯ ಕೆಳಗಿನ ಉಜ್ಜಾಟವೂ ಹೋಯಿತು. ಥ್ರೆಡ್‌ನಲ್ಲಿ ತುಕ್ಕಿಲ್ಲದಿದ್ದರೆ ಒಳಗಿನ ತುಂಡನ್ನು ಹಿಡಿದಿಡುವುದು ಏನೂ ಇಲ್ಲ. ಸೆಂಟರ್ ಪಂಚ್ (ಮೊನಚು ತುದಿಯ ಉಕ್ಕಿನ ಕಡ್ಡಿ) ತುದಿಯನ್ನು ಅಂಚಿನಲ್ಲಿ ಓರೆಯಾಗಿಟ್ಟು, ಬಿಚ್ಚುವ ದಿಕ್ಕಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ತಿರುಗುತ್ತಾ ಈಚೆ ಬರುತ್ತದೆ. ನನ್ನ ತುದಿಯ ಸ್ಟಡ್ ಹಾಗೇ ಬಂತು. ಅದರ ಮುಖ ಅರ್ಧ ನಯ, ಅರ್ಧ ಒರಟು. ಹತ್ತು ನಿಮಿಷದ ಗುಟ್ಟು ಅದೇ.

ಬಿಚ್ಚುವಾಗ ತಿರುಚಿ ಮುರಿದದ್ದರ ಹಣೆಬರಹವೇ ಬೇರೆ. ಅಲ್ಲಿ ಬೋಲ್ಟ್‌ನ ಉಕ್ಕಿಗಿಂತ ಹಿಡಿತ ಗಟ್ಟಿಯಾಗಿತ್ತು. ಅದಕ್ಕೇ ಉಕ್ಕು ಸೋತಿತು. ಆ ಹಿಡಿತ ಇನ್ನೂ ಒಳಗೇ ಕೂತಿದೆ.

ಹಿಡಿದಿರುವುದು ಏನು?

ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ. ತಿಂದು ಹಾಕಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಜಾಗ ತುಕ್ಕಿಗೆ ಬೇಕು. ಥ್ರೆಡ್‌ಗಳ ನಡುವಿನ ಸಂದಿಯಾದರೋ ತಲೆಕೂದಲಿಗಿಂತ ತೆಳು. ಊದಿದ ತುಕ್ಕು ಅಲ್ಲಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಹೆಡ್‌ನ ಕೆಳಗಿರುವ ಎಂಜಿನ್‌ನ ಮುಖ್ಯ ಮೈ, ಎರಕದ ಕಬ್ಬಿಣದ ಬ್ಲಾಕ್‌ನಲ್ಲಿ ಉಕ್ಕಿನ ಬೋಲ್ಟ್ ಜಾಮ್ ಆಗುವುದು ಹೆಚ್ಚಾಗಿ ಹೀಗೆ.

ಅಲ್ಯೂಮಿನಿಯಂ ಹೆಡ್‌ನಲ್ಲಿ ಇನ್ನೊಂದು ಕಾಟ ಇದೆ. ಉಕ್ಕು, ಅಲ್ಯೂಮಿನಿಯಂ, ನಡುವೆ ಉಪ್ಪಿನಂಶದ ನೀರು. ಇಷ್ಟಿದ್ದರೆ ಅದೊಂದು ಸಣ್ಣ ಬ್ಯಾಟರಿ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಬೋಲ್ಟ್ ಸುತ್ತ ಬಿಳೀ ಪುಡಿ ಕಟ್ಟಿ, ಸಿಮೆಂಟ್ ಹಾಕಿದ ಹಾಗೆ ಗಟ್ಟಿಯಾಗುತ್ತದೆ. ಥರ್ಮೋಸ್ಟಾಟ್ ಮುಚ್ಚಳ, ವಾಟರ್ ಪಂಪ್ ಬೋಲ್ಟ್‌ಗಳು ಮುರಿಯುವುದು ಇದರಿಂದಲೇ. ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸುವ ನಮ್ಮ ಅಭ್ಯಾಸ ಇದಕ್ಕೆ ಒಳ್ಳೇ ಗೊಬ್ಬರ. ಮಂಗಳೂರು, ಕಾರವಾರದ ಕಡೆ ಓಡಿದ ಗಾಡಿಗಳಿಗೆ ಉಪ್ಪುಗಾಳಿ ಹೊರಗಿನಿಂದಲೂ ಅದೇ ಕೆಲಸ ಮಾಡುತ್ತದೆ.

ಎಕ್ಸಾಸ್ಟ್ ಸ್ಟಡ್‌ಗೆ ಮೂರನೆಯದೂ ಸೇರುತ್ತದೆ, ಬೆಂಕಿ. ಬಿಸಿಗೆ ಸ್ಟಡ್‌ನ ಮೈಮೇಲೆ ಕಪ್ಪು ಪದರ ಏಳುತ್ತದೆ. ನಟ್ಟು ಸ್ಟಡ್‌ಗೆ ಬೆಸೆದ ಹಾಗೆ ಅಂಟಿಕೊಳ್ಳುತ್ತದೆ. ಆಗ ನಟ್ಟು ತಿರುಗಿಸಿದರೆ ಸ್ಟಡ್ಡೂ ಜೊತೆಗೇ ತಿರುಚಿಕೊಳ್ಳುತ್ತದೆ. ನಾನು ಮುರಿದದ್ದು ಹೀಗೆ.

ಎಷ್ಟು ಬಲಕ್ಕೆ ಮುರಿಯುತ್ತದೆ ಅನ್ನುವ ಲೆಕ್ಕ ನೋಡಿದರೆ ಗಾಬರಿಯಾಗುತ್ತದೆ. 8 ಮಿ.ಮೀ.ನ ಸಾಮಾನ್ಯ ಗಟ್ಟಿ ಬೋಲ್ಟ್, ತಲೆಯ ಮೇಲೆ 8.8 ಅಂತ ಕೊರೆದಿರುತ್ತದಲ್ಲ ಅದು, ಬಿಗಿಯುವುದು ಸುಮಾರು 25 ನ್ಯೂಟನ್ ಮೀಟರ್‌ಗೆ. ಕಾಲು ಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ ಹತ್ತು ಕಿಲೋ ತೂಕದಷ್ಟು ಒತ್ತಿದರೆ ಅಷ್ಟಾಯಿತು. ಮೂವತ್ತು ನಲವತ್ತು ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಅದು ಮುರಿಯಬಹುದು. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಅರ್ಧ ಮೀಟರ್ ಮಾಡಿಕೊಂಡರೆ ಅದೇ ಹತ್ತು ಕಿಲೋ 50 ನ್ಯೂಟನ್ ಮೀಟರ್ ಆಗುತ್ತದೆ. ಪೈಪ್ ಹಾಕೋದು ಚಕ್ರದ ನಟ್ಟಿಗೆ ಸರಿ. ಎಂಜಿನ್‌ನ ಸಣ್ಣ ಬೋಲ್ಟ್‌ಗೆ ಅದು ಕೊಡಲಿ.

ಸ್ಪ್ಯಾನರ್ ಸರಿಯಾಗಿರಬೇಕು ಅನ್ನುವುದೂ ಇದರ ಜೊತೆಯ ಮಾತು. ಜಪಾನ್ ಮೂಲದ ಎಂಜಿನ್‌ಗಳಲ್ಲಿ 8 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ 12 ನಂಬರ್ ತಲೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಬೋಲ್ಟ್‌ಗೆ 13. ಅಂಬಾಸಡರ್ ಕಾಲದ ಹಳೇ ಟೂಲ್ ಬಾಕ್ಸಿನಿಂದ ಅರ್ಧ ಇಂಚಿನ ಸ್ಪ್ಯಾನರ್ ತಂದು 12ರ ತಲೆಗೆ ಹಾಕಿದರೆ 0.7 ಮಿ.ಮೀ. ಆಟ ಇರುತ್ತದೆ. ಮೂಲೆಗಳು ಸವೆದು ತಲೆ ರೌಂಡ್ ಆಗುತ್ತದೆ.

ಎಣ್ಣೆ, ಏಟು, ಬಿಸಿ

ಮುರಿಯುವ ಮುಂಚೆಯೂ ಈ ಮೂರೇ, ಮುರಿದ ಮೇಲೂ ಈ ಮೂರೇ.

ಎಣ್ಣೆಯ ಬಗ್ಗೆ ಗ್ಯಾರೇಜಿಗೊಂದು ನಂಬಿಕೆ. ಒಬ್ಬರು ಸೀಮೆಎಣ್ಣೆ ಅನ್ನುತ್ತಾರೆ, ಒಬ್ಬರು ಡೀಸೆಲ್, ಒಬ್ಬರು ಬ್ರೇಕ್ ಆಯಿಲ್. ಎಲ್ಲರ ಕೈಗೂ ಸಿಗುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ನೀರನ್ನು ಹೊರದೂಡಿ ಲೋಹಕ್ಕೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಲು ಮಾಡಿದ್ದು ಅದು. ಹೆಸರಿನ ಅರ್ಥವೇ ನೀರು ದೂಡುವ ದ್ರಾವಣ, ನಲವತ್ತನೇ ಪ್ರಯತ್ನ ಅಂತ. ಜಾಮ್ ಆದ ಥ್ರೆಡ್‌ಗೆ ಇಳಿಯಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಬೇರೆ ಇವೆ. ಆದರೆ ಯಾವ ಎಣ್ಣೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಅನ್ನುವುದು ಮುಖ್ಯ. ಹಾಕಿ ಐದು ನಿಮಿಷಕ್ಕೆ ಸ್ಪ್ಯಾನರ್ ಹಿಡಿದರೆ ಎಣ್ಣೆ ಮೊದಲ ಸುತ್ತು ಥ್ರೆಡ್ ಕೂಡ ದಾಟಿರುವುದಿಲ್ಲ. ಸಂಜೆ ಹಾಕಿ, ಬೆಳಿಗ್ಗೆ ಹಾಕಿ, ಮತ್ತೆ ಸಂಜೆ ಹಾಕಿ. ನಡುನಡುವೆ ಸುತ್ತಿಗೆಯಿಂದ ಬೋಲ್ಟ್ ತಲೆಯ ಮೇಲೆ ನೇರವಾಗಿ ತಟ್ಟಿ. ಗುದ್ದಬೇಕಿಲ್ಲ, ಟಕ್ ಟಕ್ ಎಂದು ಬಹಳ ಸಲ. ತುಕ್ಕು ಪೆಡಸು. ಅದರುವಿಕೆಗೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಎಂಜಿನ್ ಬಿಸಿ ಇರುವಾಗ ಎಕ್ಸಾಸ್ಟ್ ಮೇಲೆ ಇವನ್ನೆಲ್ಲ ಸಿಂಪಡಿಸಬೇಡಿ, ಹೊತ್ತಿಕೊಳ್ಳುತ್ತದೆ.

ಬಿಚ್ಚಲು ಶುರು ಮಾಡುವಾಗ ಮೊದಲು ಒಂದು ಕೂದಲೆಳೆಯಷ್ಟು ಬಿಗಿಯ ಕಡೆಗೆ ತಿರುಗಿಸಿ ನೋಡಿ. ಅಲುಗಿದರೆ ವಾಪಸ್ ತನ್ನಿ. ಎಂಟಾಣೆ ಸುತ್ತು ಬಂದರೆ ನಾಲ್ಕಾಣೆ ಸುತ್ತು ಹಿಂದಕ್ಕೆ. ಪುಡಿಯಾದ ತುಕ್ಕು ಮುಂದೆ ಗುಡ್ಡೆಯಾಗಿ ಮತ್ತೆ ಜಾಮ್ ಮಾಡದಿರಲಿ ಅಂತ. ಸಾವಧಾನ ಇಲ್ಲದವರು ಮುರಿಯುವುದು ಬಹುಪಾಲು ಇಲ್ಲೇ.

ಬಿಸಿಯ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ‘ಕಾಯಿಸಿದರೆ ಬರುತ್ತದೆ’ ಅಂತ ಎಲ್ಲರೂ ಹೇಳುತ್ತಾರೆ, ಯಾವುದನ್ನು ಕಾಯಿಸಬೇಕು ಅಂತ ಹೇಳುವುದಿಲ್ಲ.

ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅಲ್ಯೂಮಿನಿಯಂ ಹೆಡ್‌ನಲ್ಲಿ 8 ಮಿ.ಮೀ. ತೂತು 150 ಡಿಗ್ರಿ ಬಿಸಿ ಏರಿದರೆ ಸುಮಾರು 28 ಮೈಕ್ರಾನ್ ದೊಡ್ಡದಾಗುತ್ತದೆ. ಒಳಗಿನ ಉಕ್ಕು ಅಷ್ಟೇ ಬಿಸಿಯಾದರೂ 14 ಮೈಕ್ರಾನ್ ಮಾತ್ರ ದಪ್ಪವಾಗುತ್ತದೆ. ಉಳಿದದ್ದು 14 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲಿ ಹದಿನಾಲ್ಕು ಭಾಗ. ಕೇಳಲು ಏನೂ ಅಲ್ಲ, ಆದರೆ ಹಿಡಿತ ಸಡಿಲಾಗಲು ಎಷ್ಟೋ ಸಲ ಅಷ್ಟು ಸಾಕು. ಹಾಗಾಗಿ ಅಲ್ಯೂಮಿನಿಯಂನಲ್ಲಿ ಬೋಲ್ಟ್ ಸುತ್ತಲಿನ ಹೆಡ್ಡನ್ನು ಕಾಯಿಸಬೇಕು. ಎರಕದ ಕಬ್ಬಿಣದ ಬ್ಲಾಕ್‌ನಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ. ಅಲ್ಲಿ ಎರಡೂ ಹೆಚ್ಚು ಕಮ್ಮಿ ಒಂದೇ ಸಮ ಹಿಗ್ಗುತ್ತವೆ.

ಅಲ್ಲಿ ಉಲ್ಟಾ ಉಪಾಯ. ಬೋಲ್ಟನ್ನೇ ಕೆಂಪಗೆ ಕಾಯಿಸುವುದು. ಬೋಲ್ಟ್ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ಕಬ್ಬಿಣ ಬಿಡುವುದಿಲ್ಲ. ನಡುವೆ ಸಿಕ್ಕ ತುಕ್ಕು ನುಜ್ಜುಗುಜ್ಜಾಗುತ್ತದೆ. ತಣಿದ ಮೇಲೆ ಬೋಲ್ಟ್ ಮೊದಲಿಗಿಂತ ಒಂದು ಎಳೆ ಸಣಕಲಾಗಿರುತ್ತದೆ. ಬಿಸಿ ಇರುವಾಗಲೇ ಮೇಣದ ಬತ್ತಿ ಮುಟ್ಟಿಸಿದರೆ ಕರಗಿದ ಮೇಣ, ದೀಪದ ಬತ್ತಿಯಲ್ಲಿ ಏರುವ ಎಣ್ಣೆಯ ಹಾಗೆ, ಥ್ರೆಡ್‌ನೊಳಗೆ ಇಳಿಯುತ್ತದೆ. ಈ ಮೇಣದ ಉಪಾಯವನ್ನು ನಾನು ಬಹಳ ದಿನ ನಂಬಿರಲಿಲ್ಲ. ಈಗ ಟೂಲ್ ಬಾಕ್ಸಿನಲ್ಲಿ ಒಂದು ಬತ್ತಿ ಇಟ್ಟುಕೊಂಡಿದ್ದೇನೆ.

ಅಲ್ಯೂಮಿನಿಯಂ ಕಾಯಿಸುವಾಗ ಹುಷಾರು. ಕಬ್ಬಿಣ ಕೆಂಪಾಗಿ ‘ಸಾಕು’ ಅನ್ನುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸುವುದಿಲ್ಲ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಹೆಡ್‌ನ ಮಿಶ್ರಲೋಹ ಅದಕ್ಕೂ ಮುಂಚೆ. ಬೆಳ್ಳಗೆ ಇದ್ದದ್ದು ಬೆಳ್ಳಗೇ ಇದ್ದು ದಿಢೀರನೆ ಕುಸಿಯುತ್ತದೆ. ದೋಸೆ ಕಾವಲಿಯ ಪರೀಕ್ಷೆ ಸಾಕು. ನೀರು ಚಿಮುಕಿಸಿದಾಗ ಹನಿ ಚುರ್ ಎಂದು ಹಾರಿದರೆ ಬೇಕಾದಷ್ಟು ಬಿಸಿಯಾಗಿದೆ.

ತುಂಡು ಈಚೆ ಉಳಿದಿದ್ದರೆ

ಮುರಿದ ತುಂಡು ನಾಲ್ಕೈದು ಮಿ.ಮೀ. ಹೊರಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೊದಲು ಕಚ್ಚಿ ಹಿಡಿಯುವ ಇಕ್ಕಳ, ವೈಸ್ ಗ್ರಿಪ್, ಹಾಕಿ ನೋಡಬಹುದು. ತಿರುಚಿ ಮುರಿದದ್ದಕ್ಕೆ ಅದು ಸಾಕಾಗುವುದು ಅಪರೂಪ. ಕಚ್ಚಿ ಕಚ್ಚಿ ತುಂಡನ್ನು ಸವೆಸಿ, ಇದ್ದ ಹಿಡಿತವೂ ಹಾಳಾಗುವ ಮುಂಚೆ ನಿಲ್ಲಿಸಿ ವೆಲ್ಡಿಂಗ್‌ನವರ ಹತ್ತಿರ ಹೋಗುವುದು ಜಾಣತನ.

ನನ್ನ ಎರಡನೇ ಸ್ಟಡ್‌ಗೆ ಆಗಿದ್ದು ಅದೇ. ಹೇಗೂ ಹೆಡ್ ಗ್ಯಾಸ್ಕೆಟ್ ಬದಲಿಸುವುದಿತ್ತು, ಹೆಡ್ ಇಳಿಸಿದೆ. ಗೋಣಿಚೀಲದಲ್ಲಿ ಸುತ್ತಿ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ಬಾಯಿ ಮಾತಿಗೆ ಮುಂಚೆ ತುಂಡನ್ನು ಉಗುರಿನಿಂದ ಗೀಚಿ ನೋಡಿದರು. ವೈರ್ ಬ್ರಷ್‌ನಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿದರು. ಹೆಡ್‌ನ ಗಾಳಿ, ಹೊಗೆಯ ದಾರಿಗಳಾದ ಪೋರ್ಟ್‌ಗಳ ಬಾಯಿಗೆ ಒದ್ದೆ ಬಟ್ಟೆ ತುರುಕಿದರು. ಒಂದು ಹೊಸ ನಟ್ಟನ್ನು ತುಂಡಿನ ಮೇಲೆ ಕೂರಿಸಿ, ನಟ್ಟಿನ ತೂತಿನೊಳಗೇ ವೆಲ್ಡ್ ತುಂಬಿದರು. ತಳದಲ್ಲಿ ತುಂಡಿಗೆ ಹಿಡಿದು, ಮೇಲೆ ನಟ್ಟಿನ ಒಳಗೋಡೆಗೆ ಹಿಡಿದು ಎರಡೂ ಒಂದಾಗುವ ಹಾಗೆ.

ನಾನು ಆತುರದಲ್ಲಿ ಸ್ಪ್ಯಾನರ್ ಹಾಕಲು ಹೋದೆ. “ಇರಿ ಸಾರ್, ಕೆಂಪು ಹೋಗ್ಲಿ. ಕೆಂಪಗಿದ್ದಾಗ ಅದು ಮೇಣ ಇದ್ದಂಗೆ,” ಅಂದರು.

ಸರಿಯಾದ ಮಾತು. ಕೆಂಪಗಿರುವ ಉಕ್ಕಿಗೆ ಬಲ ಇಲ್ಲ. ಬಣ್ಣ ಕಪ್ಪಾಗಿ, ಬಿಸಿ ಮಾತ್ರ ಉಳಿದಾಗ ತಿರುಗಿಸಬೇಕು. ತಿರುಗಿಸಿದೆ. ನಟ್ಟು ವೆಲ್ಡ್ ಸಮೇತ ಕಿತ್ತು ಬಂತು. ಎರಡನೇ ನಟ್ಟೂ ಹಾಗೇ. ಮೂರನೆಯದಕ್ಕೆ ಬೋಲ್ಟ್ ಒಂದು ಸಾಸಿವೆ ಕಾಳಿನಷ್ಟು ಅಲುಗಿತು. ಆಮೇಲೆ ಮೇಣ, ಹಿಂದೆ ಮುಂದೆ, ಹಿಂದೆ ಮುಂದೆ. ಪೂರ್ತಿ ಬರಲು ಇಪ್ಪತ್ತು ನಿಮಿಷ. ಮೊದಲೆರಡು ನಟ್ಟು ಕಿತ್ತು ಬಂದದ್ದು ದಂಡವಾಗಲಿಲ್ಲ. ಪ್ರತಿ ವೆಲ್ಡ್‌ಗೂ ತುಂಡು ಕಾದು, ತಣಿದು, ತುಕ್ಕು ಒಂದೊಂದು ಸಲ ಒಡೆದಿರುತ್ತದೆ. ವೆಲ್ಡಿಂಗ್‌ನಲ್ಲಿ ನಮಗೆ ಸಿಗುವುದು ಬರೀ ಹಿಡಿ ಅಲ್ಲ. ಹಿಡಿಗಿಂತ ದೊಡ್ಡ ಲಾಭ ಬಿಸಿಯೇ.

ಅಲ್ಯೂಮಿನಿಯಂ ಹೆಡ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಹಾಗಾಗಿ ತುಂಡು ಮೇಲ್ಮೈಗಿಂತ ಒಂದೆರಡು ಮಿ.ಮೀ. ಒಳಗೆ ಮುರಿದಿದ್ದರೂ ಕೈ ಪಳಗಿದವರು ಅದರ ಮೇಲೇ ಹನಿ ಹನಿಯಾಗಿ ವೆಲ್ಡ್ ಕೂರಿಸಿ ಎತ್ತರಿಸಿ, ಆಮೇಲೆ ನಟ್ಟು ಹಚ್ಚುತ್ತಾರೆ.

ಗಾಡಿಯ ಮೇಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದ ಮೇಲಿನ ಗಾಡಿಗಳಲ್ಲಿ ಕಂಪ್ಯೂಟರ್ ಸುಟ್ಟರೆ ಬೋಲ್ಟ್ ನೆನಪಿಗೂ ಬರುವುದಿಲ್ಲ. ಪೆಟ್ರೋಲ್ ಪೈಪ್ ಹತ್ತಿರ ಇದ್ದರೆ ಗಾಡಿಯ ಮೇಲೆ ಬೇಡವೇ ಬೇಡ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿದ ಜಾಗಕ್ಕೂ ವೆಲ್ಡ್ ಬೇಡ. ಕ್ಲೋರಿನ್ ಇರುವ ಕ್ಲೀನರ್ ಆ ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲ ಬಿಡುತ್ತದೆ.

ಈಜಿ ಔಟ್ ಈಜಿ ಅಲ್ಲ

ಈಗ ನನ್ನ ಹಳೇ ಕಥೆ. ವರ್ಷಗಳ ಹಿಂದೆ ಮಾವನ ಪ್ರೀಮಿಯರ್ ಪದ್ಮಿನಿಯಲ್ಲಿ, ಅಲ್ಯೂಮಿನಿಯಂ ಹೆಡ್‌ನೊಳಗೆ ಒಂದು ಬೋಲ್ಟ್ ಮುರಿದೆ. ನೀರಿನ ದಾರಿಯ ಮುಚ್ಚಳದ್ದು, ಸುತ್ತ ಬಿಳೀ ಪುಡಿ. ಅಂಗಡಿಗೆ ಓಡಿ ಈಜಿ ಔಟ್ ಸೆಟ್ ತಂದೆ. ಎಡಕ್ಕೆ ಸುತ್ತಿದ ಥ್ರೆಡ್ ಇರುವ ಮೊನಚು ಕಡ್ಡಿ ಅದು. ತುಂಡಿನ ನಡುವೆ ತೂತು ಕೊರೆದು, ಕಡ್ಡಿ ಹಾಕಿ ಎಡಕ್ಕೆ ತಿರುಗಿಸಿದರೆ ಕಚ್ಚಿಕೊಂಡು ಎಳೆದು ತರುತ್ತದೆ ಅನ್ನುವುದು ಲೆಕ್ಕ. ತಿರುಗಿಸಿದೆ. ‘ಟಿಕ್’ ಎಂದಿತು. ಈಜಿ ಔಟ್ ಒಳಗೇ ಮುರಿಯಿತು.

ಆಗ ನನಗೆ ತಿಳಿಯದ ಲೆಕ್ಕ ಇದು. 8 ಮಿ.ಮೀ. ಬೋಲ್ಟ್‌ನಲ್ಲಿ ಥ್ರೆಡ್ ಕಳೆದರೆ ಗಟ್ಟಿ ಮೈ ಸುಮಾರು ಆರೂವರೆ ಮಿ.ಮೀ. ಅದರೊಳಗೆ ಹಾಕುವ ಈಜಿ ಔಟ್ ದಪ್ಪ ಸುಮಾರು 4 ಮಿ.ಮೀ. ತಿರುಚುವ ಬಲ ತಡೆಯುವುದು ದಪ್ಪದ ಘನಕ್ಕೆ ತಕ್ಕ ಹಾಗೆ. ಅಂದರೆ ದಪ್ಪ ಅರ್ಧವಾದರೆ ತಾಕತ್ತು ಎಂಟನೇ ಒಂದು. 4ಕ್ಕೂ ಆರೂವರೆಗೂ ಹೋಲಿಸಿದರೆ ಕಾಲು ಭಾಗಕ್ಕೂ ಕಮ್ಮಿ. ಈಜಿ ಔಟ್‌ನ ಉಕ್ಕು ಬೋಲ್ಟ್‌ಗಿಂತ ಗಟ್ಟಿ, ನಿಜ. ಆದರೆ ಗಾಜಿನ ಹಾಗೆ ಪೆಡಸು, ಬಗ್ಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಸಾಲದ್ದಕ್ಕೆ ಬೆಣೆಯ ಹಾಗಿರುವುದರಿಂದ ತುಂಡನ್ನು ಒಳಗಿನಿಂದ ಅಗಲಿಸಿ ಹಿಡಿತವನ್ನು ಇನ್ನೂ ಬಿಗಿ ಮಾಡುತ್ತದೆ. ದಪ್ಪ ಬೋಲ್ಟ್‌ನಿಂದ ಆಗದ್ದನ್ನು ತೆಳು ಕಡ್ಡಿಯಿಂದ ಮಾಡಿಸಲು ಹೊರಟಿದ್ದೆ, ಅಲ್ವಾ?

ಜಾಸ್ತಿ ಬಿಗಿದು ಮುರಿದ, ಜಾಮ್ ಆಗಿರದ ಬೋಲ್ಟ್‌ಗೆ ಈಜಿ ಔಟ್ ಒಳ್ಳೇ ಉಪಕರಣ. ಜಾಮ್ ಆದದ್ದಕ್ಕೆ ಅದು ತೊಂದರೆಯ ಮೇಲೆ ತೊಂದರೆ. ಮುರಿದ ಈಜಿ ಔಟ್ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಹಲ್ಲೂ ಇಡುವುದಿಲ್ಲ.

ನಾನು ಕೊನೆಗೆ ಹೆಡ್ ಇಳಿಸಿಕೊಂಡು ಹೋಗಿದ್ದು ಪೀಣ್ಯಕ್ಕೆ, ಇಡಿಎಂ ಮಾಡುವವರ ಹತ್ತಿರ. ಸ್ಪಾರ್ಕ್ ಎರೋಷನ್ ಅಂತಲೂ ಹೇಳುತ್ತಾರೆ. ಹೆಡ್ಡನ್ನು ಸೀಮೆಎಣ್ಣೆಯಂಥ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಮೇಲಿನಿಂದ ತಾಮ್ರದ ಕಡ್ಡಿಯೊಂದು ಇಳಿಯುತ್ತದೆ, ಆದರೆ ಮುಟ್ಟುವುದಿಲ್ಲ. ಕೂದಲೆಳೆಯ ಅಂತರದಲ್ಲಿ ನಿಂತು ಸೆಕೆಂಡಿಗೆ ಸಾವಿರಾರು ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಉಕ್ಕಿನ ಒಂದು ಕಣವನ್ನು ಕರಗಿಸಿ ಎಬ್ಬಿಸುತ್ತದೆ. ಗಟ್ಟಿಯೋ ಮೆತ್ತಗೋ ಅನ್ನುವ ಭೇದ ಕಿಡಿಗಿಲ್ಲ. ಈ ವಿದ್ಯೆಯನ್ನು 1943ರಲ್ಲಿ ಸೋವಿಯತ್ ದೇಶದ ಲಜರೆಂಕೊ ದಂಪತಿ ಕಂಡುಕೊಂಡರು. ಸ್ವಿಚ್ಚಿನ ತುದಿಗಳು ಕಿಡಿಗೆ ಸವೆಯುವುದನ್ನು ತಪ್ಪಿಸುವುದು ಹೇಗೆ ಅಂತ ಹುಡುಕುತ್ತಿದ್ದವರು ಸವೆತವನ್ನೇ ಕೆಲಸಕ್ಕೆ ಹಚ್ಚಿದರು. ಅದೇ ದಶಕದಲ್ಲಿ ಅಮೆರಿಕದಲ್ಲೂ ಮೂವರು ಬೇರೆಯಾಗಿ ಇದಕ್ಕೆ ಕೈ ಹಾಕಿದ್ದರು. ಅವರಿಗಿದ್ದ ತಲೆನೋವು ನಮ್ಮದೇ, ಅಲ್ಯೂಮಿನಿಯಂ ಎರಕದೊಳಗೆ ಮುರಿದ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಕಡ್ಡಿ) ಮತ್ತು ಡ್ರಿಲ್ ಬಿಟ್ ತೆಗೆಯುವುದು.

ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಡೈ, ಮೋಲ್ಡ್ ಮಾಡುವವರನ್ನು ವಿಚಾರಿಸಿದರೆ ಇಡಿಎಂ ಎಲ್ಲಿದೆ ಅಂತ ದಾರಿ ತೋರಿಸುತ್ತಾರೆ. ಡ್ರಿಲ್‌ನಲ್ಲಿ ಹೆಡ್ ಹಾಳು ಮಾಡಿಕೊಂಡು ಹೋಗುವ ಬದಲು ಮೊದಲೇ ಹೋಗುವುದು ಅಗ್ಗ.

ಕೊರೆಯಲೇಬೇಕಾದರೆ

ಹತ್ತಿರದಲ್ಲಿ ವೆಲ್ಡಿಂಗ್‌ನವರಿಲ್ಲ, ತುಂಡು ಆಳದಲ್ಲಿದೆ, ಇಡಿಎಂ ದೂರ. ಆಗ ಡ್ರಿಲ್. ಇಲ್ಲಿ ಎಲ್ಲವೂ ನಿಂತಿರುವುದು ನಟ್ಟನಡುವೆ ಕೊರೆಯುವುದರ ಮೇಲೆ. ಮುರಿದ ಮುಖ ಓರೆಕೋರೆ. ಅದರ ಮೇಲೆ ಬಿಟ್ ಇಟ್ಟರೆ ಜಾರಿ ಪಕ್ಕದ ಮೆತ್ತನೆ ಅಲ್ಯೂಮಿನಿಯಂಗೆ ನುಗ್ಗುತ್ತದೆ. ಆಮೇಲೆ ನೇರವಾಗುವ ಮಾತೇ ಇಲ್ಲ.

ಕಣ್ಣಳತೆ ನಂಬಬೇಡಿ. ಮ್ಯಾನಿಫೋಲ್ಡನ್ನೇ ಉಳಿದ ಸ್ಟಡ್‌ಗಳಿಗೆ ಕೂರಿಸಿ, ಮುರಿದ ತೂತಿಗೆ ಲೇತ್‌ನಲ್ಲಿ ಮಾಡಿಸಿದ ಒಂದು ಬುಷ್ (ಲೋಹದ ಸಣ್ಣ ಕೊಳವೆ) ಹಾಕಿ. ಹೊರಗೆ ತೂತಿಗೆ ಸರಿಯಾಗಿ ಕೂರಬೇಕು, ಒಳಗೆ 3 ಮಿ.ಮೀ. ತೂತು. ಬಿಟ್ ಬೇರೆ ಕಡೆ ಹೋಗಲು ದಾರಿಯೇ ಇರುವುದಿಲ್ಲ. ಲೇತ್‌ನವರಿಗೆ ಇದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಮಷೀನ್ ನಿಧಾನ ಇರಲಿ, ಒತ್ತಡ ಒಂದೇ ಸಮ ಇರಲಿ, ಎಣ್ಣೆ ಹನಿಸುತ್ತಿರಿ, ಕಣ್ಣಿಗೆ ಕನ್ನಡಕ ಇರಲಿ. ಎಡ ಸುತ್ತಿನ ಡ್ರಿಲ್ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಬಿಚ್ಚುವ ದಿಕ್ಕಿಗೇ ಕೊರೆಯುತ್ತದೆ. ಕೊರೆಯುವ ಬಿಸಿ, ಅದುರು, ಎಡಕ್ಕೆ ಎಳೆತ ಮೂರೂ ಸೇರಿ ತುಂಡು ಎಷ್ಟೋ ಸಲ ಬಿಟ್‌ಗೆ ಸುತ್ತಿಕೊಂಡು ತಾನೇ ಹೊರಗೆ ಬರುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಆನ್‌ಲೈನ್‌ನಲ್ಲಿ ತರಿಸಬೇಕು.

ಬರಲಿಲ್ಲವೆಂದರೆ 3ರಿಂದ ನಾಲ್ಕೂವರೆ, ಐದೂವರೆ, ಹೀಗೆ ಹಂತ ಹಂತವಾಗಿ ಆರೂವರೆಯ ತನಕ ದೊಡ್ಡದು ಮಾಡಿ. ಕೊರೆತ ನಡುವಲ್ಲೇ ಇದ್ದರೆ ಕೊನೆಗೆ ಉಳಿಯುವುದು ಸ್ಪ್ರಿಂಗಿನಂಥ ತೆಳು ಥ್ರೆಡ್ ಸುರುಳಿ. ಸೂಜಿಮೊನೆಯಲ್ಲಿ ಅದರ ತುದಿ ಎಬ್ಬಿಸಿ ಎಳೆದರೆ ಚಕ್ಕುಲಿ ಬಿಚ್ಚಿದ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಹೆಡ್‌ನ ಥ್ರೆಡ್ ಹಾಗೇ ಉಳಿಯುತ್ತದೆ. ಈ ಕೆಲಸದಲ್ಲಿ ಇಷ್ಟು ಖುಷಿ ಕೊಡುವ ಗಳಿಗೆ ಇನ್ನೊಂದಿಲ್ಲ.

ನಡು ತಪ್ಪಿ ಥ್ರೆಡ್ ಹೋದರೆ ಹೆಲಿಕಾಯಿಲ್ ಇದೆ. ತೂತನ್ನು ಸುಮಾರು 8.3 ಮಿ.ಮೀ.ಗೆ ದೊಡ್ಡದು ಮಾಡಿ, ಅದರದೇ ಟ್ಯಾಪ್ ಹೊಡೆದು, ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸಿದರೆ ಮತ್ತೆ 8 ಮಿ.ಮೀ. ಥ್ರೆಡ್ ರೆಡಿ. ಅಲ್ಯೂಮಿನಿಯಂನಲ್ಲಿ ಮೂಲ ಥ್ರೆಡ್‌ಗಿಂತ ಇದೇ ಗಟ್ಟಿ. ಇದು ಸೋಲಿನ ಗುರುತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ.

ಇನ್ನೊಂದು ಮಾತು, ಕೆಲಸಕ್ಕಿಂತ ಕುತೂಹಲಕ್ಕೆ. ಗಡಿಯಾರ ರಿಪೇರಿ ಮಾಡುವವರು ಹಿತ್ತಾಳೆ ತಟ್ಟೆಯಲ್ಲಿ ಮುರಿದ ಉಕ್ಕಿನ ಸ್ಕ್ರೂ ತೆಗೆಯಲು ಪಟಿಕದ ಬಿಸಿ ನೀರಿನಲ್ಲಿ ತಟ್ಟೆಯನ್ನು ನೆನೆಹಾಕುತ್ತಾರೆ. ಕ್ಷೌರದ ಅಂಗಡಿಯಲ್ಲಿ ಗಡ್ಡಕ್ಕೆ ಸವರುವ ಅದೇ ಪಟಿಕ. ಉಕ್ಕು ಮೆಲ್ಲಗೆ ಕರಗಿ ಹೋಗುತ್ತದೆ, ಹಿತ್ತಾಳೆ ಹಾಗೇ ಇರುತ್ತದೆ. ಬಿಡಿ ಅಲ್ಯೂಮಿನಿಯಂ ಭಾಗಗಳಿಗೂ ಇದನ್ನು ಮಾಡುವವರಿದ್ದಾರೆ. ಪೂರ್ತಿ ಹೆಡ್‌ಗೆ ಬೇಡ. ವಾಲ್ವ್ ಸೀಟು, ಗೈಡುಗಳು ಎಲ್ಲ ಸೇರಿ ನೆನೆಯುತ್ತವೆ.

ವಾಪಸ್ ಹಾಕುವಾಗ

ಎರಡು ಮುರಿದರೂ ನಾನು ಅಷ್ಟೂ ಸ್ಟಡ್‌ಗಳನ್ನು ಬದಲಿಸಿದೆ. ಉಳಿದವೂ ಅದೇ ಬಿಸಿಯನ್ನು ಅಷ್ಟೇ ವರ್ಷ ತಿಂದಿವೆ. ತೂತುಗಳಿಗೆ ಟ್ಯಾಪನ್ನು ಕೈಯಲ್ಲೇ ಹಗುರವಾಗಿ ಆಡಿಸಿ, ಗಾಳಿ ಹೊಡೆದು ಕಸ ತೆಗೆದೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿರಬಾರದು. ಬೋಲ್ಟ್ ಇಳಿದಂತೆ ಎಣ್ಣೆಗೆ ಹೋಗಲು ಜಾಗ ಇರುವುದಿಲ್ಲ, ಜಾಕ್‌ನೊಳಗಿನ ಹಾಗೆ ಒತ್ತಡ ಏರಿ ಎರಕವೇ ಬಿರುಕು ಬಿಡಬಹುದು.

ಥ್ರೆಡ್‌ಗೆ ಜಾಮ್ ಆಗದ ಹಾಗೆ ತಡೆಯುವ ಆಂಟಿ ಸೀಜ್ ಪೇಸ್ಟ್ ತೆಳುವಾಗಿ ಸವರಿದೆ. ಪೇಸ್ಟ್ ಹಾಕಿದ ಮೇಲೆ ಪುಸ್ತಕದಲ್ಲಿ ಹೇಳಿದ ಟಾರ್ಕ್, ಅಂದರೆ ತಿರುಗಿಸುವ ಬಲ, ಪೂರ್ತಿ ಹಾಕಬಾರದು. ಒಣ ಥ್ರೆಡ್‌ನಲ್ಲಿ ಉಜ್ಜಾಟಕ್ಕೆ ಹೋಗುತ್ತಿದ್ದ ಬಲ ಈಗ ಬೋಲ್ಟ್ ಎಳೆಯಲು ಸಿಗುತ್ತದೆ, ಅಷ್ಟೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಹಿಗ್ಗುತ್ತದೆ. ಪೇಸ್ಟ್ ಡಬ್ಬಿಯ ಮೇಲೆ ಎಷ್ಟು ಕಮ್ಮಿ ಅಂತ ಬರೆದಿದ್ದರೆ ಅಷ್ಟು ಕಮ್ಮಿ ಮಾಡಿ. ನಟ್ಟುಗಳಿಗೆ ಹಿತ್ತಾಳೆಯವು ಹಾಕಿದೆ, ಅವು ಉಕ್ಕಿಗೆ ಅಂಟಿಕೊಳ್ಳುವುದಿಲ್ಲ. ಬಿಗಿದದ್ದು ನಡುವಿನಿಂದ ತುದಿಗೆ, ಒಂದೇ ಸಲಕ್ಕಲ್ಲ, ಎರಡು ಸುತ್ತಿನಲ್ಲಿ.

ನಾಲ್ಕಾರು ದಿನ ಓಡಿಸಿ, ಒಂದು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮತ್ತೆ ಟಾರ್ಕ್ ರೆಂಚ್ ಹಿಡಿದೆ. ಹೊಸ ಗ್ಯಾಸ್ಕೆಟ್ ಬಿಸಿಗೆ ಒಂದಿಷ್ಟು ಕೂತಿರುತ್ತದೆ. ಎರಡು ನಟ್ಟು ಒಂದೊಂದು ಎಳೆ ತಿರುಗಿ ಹಿಡಿದವು, ಉಳಿದವು ಅಲುಗಲಿಲ್ಲ.